ಅಡ್ಡಗೀಟು

ಮಾರ್ಕರ್ ಕಿರ್ರೆಂದಿತು, ಬಿಳಿ ಬೋರ್ಡಿನಲ್ಲಿ ಒಂದು ಓರೆಗೀಟು, ಅದರ ನಡುವೆ ಪುಟ್ಟ ಅಡ್ಡಗೀಟು — ಬರೆದೇಬಿಟ್ಟಳು, ಆ ತಪ್ಪನ್ನೇ ಬರೆದಳು ಆಫ್ರಾ, ಲ್ಯಾಬಿನ ಕೊನೆಯ ಸಾಲಿನಲ್ಲಿ ಕೂತ ಶುಭಶ್ರೀಗೆ ಎದೆ ಧಸಕ್ಕೆಂದಿತು, ಭಯವೋ ಖುಷಿಯೋ, ಖುಷಿಯೇ ಇರಬೇಕು, ಛೇ. ಉಜಿರೆಯ ಈ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಸಿ, ಜಾವಾ ಕಲಿಸಿದವಳು ತಾನು, ಆಫ್ರಾ ಬಂದು ಇನ್ನೂ ವರ್ಷ ತುಂಬಿಲ್ಲ, ಪಾಣೆಮಂಗಳೂರಿನಿಂದ ದಿನಾ ಬಸ್ಸಿನಲ್ಲಿ ನಿಂತೇ ಬರುವ ಹುಡುಗಿ, ಬಸ್ಸಿನಲ್ಲೇ ಕಲಿತಳಂತೆ ಈ ಎಪಿಎಲ್ಲನ್ನು, ಪದಗಳ ಬದಲು ಚಿಹ್ನೆಗಳೇ ತುಂಬಿದ, ಇಡೀ ಕೋಷ್ಟಕವನ್ನು ಒಂದೇ ಗೀಟಿನಲ್ಲಿ ಕೂಡಿಸಿಬಿಡುವ ಕಂಪ್ಯೂಟರ್ ಭಾಷೆಯನ್ನು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು. ಶುಭಶ್ರೀ ಗೋಡೆಗೆ ಚಿಹ್ನೆಗಳ ಪಟ್ಟಿ ಅಂಟಿಸಿ, ಬಾಗಿಲು ಹಾಕಿ ಕೂತು ಎರಡು ತಿಂಗಳಾದರೂ ಕಣ್ಣು ಎಡದಿಂದ ಬಲಕ್ಕೇ ಓಡುತ್ತದೆ — ಬಲದಿಂದ ಓದಬೇಕು, ಬಲದಿಂದ. ನಿನಗೆ ಸುಲಭ ಮಾರಾಯ್ತಿ, ಚಿಕ್ಕಂದಿನಿಂದ ಅರಬಿ ಓದಿದವಳಲ್ವಾ, ಎಂದು ಕುಟುಕಿದ್ದಕ್ಕೆ ಆಫ್ರಾ ನಕ್ಕಿದ್ದಳು, ಅದಕ್ಕೂ ಇದಕ್ಕೂ ಎಂಥ ಸಂಬಂಧ ಮೇಡಂ, ನಾನೂ ತಲೆ ಹಾಳು ಮಾಡಿಕೊಂಡೇ ಕಲ್ತದ್ದು. ಆ ನಗು ಕಂಡರೆ ಆಗುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಈ ಪಾಠ ಯಾರಿಗೆ ಎಂದು ವಿಭಾಗದ ಮುಖ್ಯಸ್ಥ ವೆಂಕಟೇಶ್ವರ ಸರ್ ಇಬ್ಬರ ತರಗತಿಯನ್ನೂ ನೋಡಿ ಹೇಳುತ್ತಾರೆ, ಅಗೋ ಪಕ್ಕದಲ್ಲೇ ಕೂತು ತಲೆದೂಗುತ್ತಿದ್ದಾರೆ, ನಿನ್ನೆ ತನ್ನ ತರಗತಿಯಲ್ಲಿ ಎರಡು ಸಲ ಆಕಳಿಸಿದ್ದರು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಆಫ್ರಾ ಹಾಳೆ ಚಾಚಿದ್ದಳು, ಮೇಡಂ, ಒಮ್ಮೆ ನೋಡಿ ಕೊಡ್ತೀರಾ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಊರಿನ ನಾಲ್ಕು ದಿನದ ಮಳೆ, ಮೂರು ಸಾಲು, ನಾಲ್ಕು ಕಂಬಸಾಲು, ಊರಿಗೊಂದು ಮೊತ್ತ ಬೇಕು — ಅದಕ್ಕೆ ಬರೀ ಓರೆಗೀಟು ಸಾಕಿತ್ತಲ್ಲ, ಅದು ಸಾಲುಸಾಲಾಗಿ ಕೂಡಿಸುತ್ತದೆ, ಇಲ್ಲಿ ಬಿದ್ದ ಹಾಗೆ ನಡುವೆ ಅಡ್ಡಗೀಟು ಬಿದ್ದರೆ ಮೇಲಿಂದ ಕೆಳಕ್ಕೆ, ದಿನಗಳ ಮೊತ್ತ — ಪಟ್ಟಿ ನೋಡದೆ, ಬೆರಳಿಟ್ಟು ಎಣಿಸದೆ, ತಾನಾಗಿ ಹೊಳೆಯಿತು, ಎರಡು ತಿಂಗಳಲ್ಲಿ ಮೊದಲ ಸಲ ಸಲೀಸಾಗಿ ಓದಲು ಬಂದದ್ದು ಅವಳ ತಪ್ಪು. ಸರಿ ಉಂಟು ಆಫ್ರಾ, ಎಂದು ಹಾಳೆ ಮರಳಿಸಿದ್ದಳು.

ಪರದೆಯ ಮೇಲೆ ಉತ್ತರ, ನಾಲ್ಕು ಮೊತ್ತ. ಮುಂದಿನ ಬೆಂಚಿನ ಮೋಕ್ಷಿತಾ ಕೈಯೆತ್ತಿದಳು, ಊರು ಮೂರು, ಉತ್ತರ ನಾಲ್ಕು ಹೇಗೆ ಮೇಡಂ? ಈಗ ಬೆವರಲಿ, ಈಗ ತೊದಲಲಿ — ಆಫ್ರಾ ಸೊಂಟಕ್ಕೆ ಕೈ ಕೊಟ್ಟು ಪರದೆ ನೋಡಿ ನಗುತ್ತಾಳೆ, ಓ, ಎಂಥದೋ ತಪ್ಪಿದೆ ಮಾರಾಯ್ರೆ, ಎಲ್ಲಿ ಅಂತ ಹುಡುಕುವ, ಇಡೀ ತರಗತಿ ಬೋರ್ಡಿನತ್ತ ಕತ್ತು ಚಾಚುತ್ತದೆ, ತಪ್ಪು ಮಾಡುವುದು ಕೂಡ ಇವಳಿಗೆ ಚೆನ್ನಾಗಿ ಬರುತ್ತದೆ, ಅದೂ ತನಗೆ ಬರುವುದಿಲ್ಲ, ಎದ್ದದ್ದು ಯಾವಾಗ, ಬೋರ್ಡಿನ ತನಕ ನಡೆದದ್ದು ಯಾವಾಗ, ಶುಭಶ್ರೀ ಅಡ್ಡಗೀಟನ್ನು ಬೆರಳಿನಿಂದ ಒರೆಸಿದಳು, ಈಗ ಹಾಕಿ ನೋಡಿ. ಮೂರು ಮೊತ್ತ. ಚಪ್ಪಾಳೆ. ಲಾಯ್ಕಾಯ್ತು, ಯಾವಾಗ ಗೊತ್ತಾಯ್ತು ಶುಭಶ್ರೀ, ವೆಂಕಟೇಶ್ವರ ಸರ್ ಕೇಳುತ್ತಾರೆ. ಈಗ ಸರ್, ಈಗಷ್ಟೇ. ಬೇಕಾದದ್ದು ಇದೇ, ಬಂತಲ್ಲ, ಪಾಠ ಇನ್ನು ತನಗೇ ಎಂದಿಟ್ಟುಕೊಳ್ಳಬಹುದು — ಆಫ್ರಾ ಮಾತ್ರ ಚಪ್ಪಾಳೆ ತಟ್ಟುತ್ತಿಲ್ಲ, ಮೇಜಿನಿಂದ ಬೆಳಿಗ್ಗಿನ ಹಾಳೆ ಎತ್ತಿ ನೋಡುತ್ತಿದ್ದಾಳೆ, ಮತ್ತೆ ಇವಳ ಮುಖ, ಮತ್ತೆ ಹಾಳೆ, ಏನುಂಟು ಅದರಲ್ಲಿ ಅಷ್ಟು ನೋಡಲಿಕ್ಕೆ — ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದ ಕೈ, ತಪ್ಪು ಕಂಡಲ್ಲಿ ತಾನಾಗಿ ಗುರುತಿಡುವ ಕೈ, ಅಡ್ಡಗೀಟಿನ ಕೆಳಗೆ ಒಂದು ಪೆನ್ಸಿಲ್ ಚುಕ್ಕೆ, ಬೆಳಿಗ್ಗೆ ತಾನೇ ಇಟ್ಟದ್ದು, ಇಟ್ಟದ್ದು ಗೊತ್ತೇ ಆಗಲಿಲ್ಲ, ಸಾಸಿವೆಯಷ್ಟು, ಆಫ್ರಾಳ ಹೆಬ್ಬೆರಳಿನ ಪಕ್ಕದಲ್ಲಿ, ಪೆನ್ಸಿಲ್ ಚುಕ್ಕೆ, ಚುಕ್ಕೆ