ಜೈತುನ್‌ಬಿಯ ತೋಳಿಗೆ ಸುತ್ತಿದ ಪಟ್ಟಿ

ನಾನು ಒಂದು ಬಿ.ಪಿ. ಯಂತ್ರ. ಕಡಲಾಚೆಯ ಕಾರ್ಖಾನೆಯಲ್ಲಿ, ಬೆಣ್ಣೆ ತಿಂದು ಬೆಳೆದವರ ತೋಳಿನ ಅಳತೆ ಹಿಡಿದು ನನ್ನನ್ನು ಮಾಡಿದರು. ತೋಳಿಗೆ ಸುತ್ತುವ ನನ್ನ ಪಟ್ಟಿ ದೊಡ್ಡದು. ಅದು ನನ್ನ ತಪ್ಪಲ್ಲ. ಆದರೆ ಅದನ್ನು ಹಿಡಿದುಕೊಂಡು ಮೆರೆದವರನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆ.

ಬಡ ದೇಶಗಳಲ್ಲಿ ಯಾವ ಕಾಯಿಲೆ ಎಷ್ಟಿದೆ ಎಂದು ಅಳೆಯುವ ಒಂದು ಸಂಶೋಧನೆಗೆ ನನ್ನಂಥ ಯಂತ್ರಗಳನ್ನು ತರಿಸಿದರು. ಅದರ ಯಜಮಾನರು ಡಾಕ್ಟರ್ ಶ್ರೀಕಂಠ. ಬೆಂಗಳೂರಿನ ಹೋಟೆಲೊಂದರಲ್ಲಿ ತರಬೇತಿ ನಡೆದಾಗ, ನನ್ನನ್ನು ಪರೀಕ್ಷಿಸಲು ಅವರು ತಮ್ಮದೇ ತೋಳು ಚಾಚಿದರು. ಬಾಳೆದಿಂಡಿನಂಥ ತೋಳು, ಪಟ್ಟಿ ಹೊಲಿಸಿದ ಹಾಗೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಡವರ ಕಾಯಿಲೆಯ ಮೇಲೆ ಇಪ್ಪತ್ತು ವರ್ಷ ಭಾಷಣ ಮಾಡಿದ ಈ ಮಹಾನುಭಾವರು ಒಬ್ಬ ಬಡವಿಯ ತೋಳನ್ನೂ ಮುಟ್ಟಿ ನೋಡಿದವರಲ್ಲ.

ಅಲ್ಲಿಂದ ನಾನು ದಾವಣಗೆರೆಗೆ ಬಂದು ನಾಗವೇಣಿಯ ಚೀಲ ಸೇರಿದೆ. ಮನೆಮನೆ ಅಲೆದು ಬಿ.ಪಿ. ಬರೆದುಕೊಳ್ಳುವುದು ಅವಳ ಕೆಲಸ. ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಅವಳು ಜೈತುನ್‌ಬಿಯನ್ನು ಕೂರಿಸಿದಳು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು ಒಣಗಿದ ಹೆಂಗಸು. ಅವಳ ಬಲತೋಳಿಗೆ ನಾನು ಎರಡು ಸುತ್ತು ಬಂದರೂ ಸಡಿಲವೇ ಉಳಿದೆ. ಅಂಥ ತೋಳಿನಲ್ಲಿ ನಾನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತೇನೆ. ನೂರ ಮೂವತ್ತನಾಲ್ಕು ತೋರಿಸಿದೆ.

"ನೂರಾ ನಲವತ್ತರ ಒಳಗೈತಿ, ನಾರ್ಮಲ್ ಐತಿ ಜೈತುನಕ್ಕ," ಎಂದಳು ನಾಗವೇಣಿ.

"ಹಂಗಾರ ಬಿ.ಪಿ. ಗುಳಿಗಿ ಬಿಡ್ಲೇನವ್ವ? ಅದನ್ನ ತರಾಕ ದೊಡ್ಡಾಸ್ಪತ್ರಿಗೆ ಹೋದ್ರ ಅವತ್ತಿನ ಕೆಲಸ ಹೋಗ್ತೈತಿ."

ನಾಗವೇಣಿ ಅಂಕಿ ಬರೆದುಕೊಂಡು ಚೀಲ ಕಟ್ಟಿದಳು. ಸಲಹೆ ಕೊಡಕೂಡದು ಎಂದು ಹೋಟೆಲಿನ ತರಬೇತಿಯಲ್ಲಿ ಕಲಿಸಿದ್ದರು. ಬೆಂಗಳೂರಿನ ಯಂತ್ರವೇ ಹೇಳಿದ ಮೇಲೆ ಇನ್ನೇನು ಎಂದು ಜೈತುನ್‌ಬಿ ಗುಳಿಗೆ ಬಿಟ್ಟಳು.

ಆದರೆ ಆ ಸಡಿಲ ಪಟ್ಟಿ ನಾಗವೇಣಿಯ ಮನಸ್ಸನ್ನು ಕೊರೆಯುತ್ತಿತ್ತು. ಹತ್ತು ದಿನದ ಮೇಲೆ ಪರಿಚಯದ ನರ್ಸಮ್ಮನಿಂದ ಸಣ್ಣ ಪಟ್ಟಿಯ ಯಂತ್ರ ಕೇಳಿ ತಂದು, ಅದೇ ಓಣಿಯ ಆರು ಹೆಂಗಸರಿಗೆ ಕಟ್ಟಿ ನೋಡಿದಳು. ನಾನು ಚೆನ್ನಾಗಿದ್ದಾರೆ ಎಂದಿದ್ದ ನಾಲ್ವರಿಗೆ ಬಿ.ಪಿ. ಏರಿತ್ತು. ಜೈತುನ್‌ಬಿ ಅಂದು ಉರಿಯುವ ಭಟ್ಟಿ ಬಿಟ್ಟು ಬರುವಂತಿರಲಿಲ್ಲ, ಸಿಗಲಿಲ್ಲ. ನಾಗವೇಣಿ ಡಾಕ್ಟರಿಗೆ ಫೋನ್ ಮಾಡಿದಳು.

"ಎಲ್ಲಾ ಊರಲ್ಲೂ ಅದೇ ಪಟ್ಟಿ ಕಣಮ್ಮ. ನಡುವೆ ಬದಲಾಯಿಸಿದ್ರೆ ಹೋಲಿಕೆ ಕೆಟ್ಟುಹೋಗುತ್ತೆ," ಎಂದರು ಅವರು. "ಮೀಟಿಂಗಲ್ಲಿ ಮಾತಾಡಿ ತಿಳಿಸ್ತೀನಿ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡ."

ಹೋಲಿಕೆ ಕೆಡುತ್ತದಂತೆ. ಜನ ಕೆಟ್ಟರೆ ಚಿಂತೆಯಿಲ್ಲ, ಹೋಲಿಕೆ ಕೆಡಬಾರದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇವರಿಗೆ ಕನ್ನಡಿ ಕೊಟ್ಟರೂ ಮೀಟಿಂಗ್ ಬೇಕು.

ನಾಗವೇಣಿ ನಾಲ್ಕು ದಿನ ಕಾದಳು. ಐದನೆಯ ದಿನ ತಡೆಯಲಾರದೆ ಹೋದಾಗ ಭಟ್ಟಿ ಆರಿತ್ತು. ಹಿಂದಿನ ದಿನವೇ ಜೈತುನ್‌ಬಿ ಬಾಣಲೆಯ ಪಕ್ಕ ಕುಸಿದು ಬಿದ್ದಿದ್ದಳು. ಲಕ್ವ ಹೊಡೆದಿತ್ತು.

ವರ್ಷ ಕಳೆದು ಎರಡನೆಯ ಸುತ್ತಿನ ಅಳತೆ ಬಂತು. ಮೊದಲು ಅಳೆದ ತೋಳನ್ನೇ ಅಳೆಯಬೇಕೆಂಬ ನಿಯಮ. ಸ್ವಾಧೀನ ತಪ್ಪಿದ ಆ ಬಲತೋಳು ಇನ್ನಷ್ಟು ಸೊರಗಿತ್ತು. ನಾನು ನೂರ ಹದಿನೆಂಟು ತೋರಿಸಿದೆ.

"ಎಷ್ಟೈತಿ?" ಸೊಟ್ಟ ಬಾಯಿಂದ ಜೈತುನ್‌ಬಿ ಕೇಳಿದಳು.

"ಇದು ಸುಳ್ಳು ಹೇಳ್ತೈತಿ ಜೈತುನಕ್ಕ. ಅವತ್ತೂ ಸುಳ್ಳ ಹೇಳಿತ್ತು. ಆಮ್ಯಾಲ ನನಗ ಗೊತ್ತಾತು."

ಜೈತುನ್‌ಬಿ ಅವಳನ್ನೇ ನೋಡಿದಳು. "ಗೊತ್ತಾದ ದಿನಾನ ಯಾಕ ಬರಲಿಲ್ಲವ್ವ?"

ನಾಗವೇಣಿ ಪಟ್ಟಿ ಬಿಚ್ಚಿ, ನಿಯಮದಂತೆ ನಾನು ತೋರಿಸಿದ ಅಂಕಿಯನ್ನೇ ಬರೆದಳು. ಆ ವಾರವೇ ಕೆಲಸ ಬಿಟ್ಟಳು.

ಈಗ ನಾನು ಡಾಕ್ಟರ್ ಶ್ರೀಕಂಠರ ಕಚೇರಿಯ ಕಪಾಟಿನಲ್ಲಿ ಮುದುಕನಾಗಿ ಬಿದ್ದಿದ್ದೇನೆ. ಬ್ಯಾಟರಿ ಸೋರಿದೆ. ಮೇಲಿನ ಖಾನೆಯಲ್ಲಿ ಅವರಿಗೆ ಹೊದಿಸಿದ ಶಾಲುಗಳಿವೆ, ಬಣ್ಣದ ಮುಖಪುಟದ ವರದಿಯಿದೆ. ಮಂಡಕ್ಕಿ ಭಟ್ಟಿಯವರ ಆರೋಗ್ಯ ಎಣಿಸಿದ್ದಕ್ಕಿಂತ ಚೆನ್ನಾಗಿದೆ ಎಂದು ಅದರಲ್ಲಿ ಬರೆದಿದ್ದಾರೆ. ನೂರ ಮೂವತ್ತನಾಲ್ಕರಿಂದ ನೂರ ಹದಿನೆಂಟಕ್ಕೆ ಇಳಿದ ಜೈತುನ್‌ಬಿ, ಸುಧಾರಿಸಿದವರ ಪಟ್ಟಿಯಲ್ಲಿದ್ದಾಳೆ.