ಒಂದೇ ಮನೆಯವರು

ಅರವತ್ತೆಂಟನೇ ಇಸವಿಯಲ್ಲಿ ಉಮಾನಾಥಯ್ಯನ ಅಂಬಾಸಿಡರ್ ಕಾರಿಗೆ ಬಾಡಿಗೆ ಜನ ಹಾಕುವ ಪರವಾನಿಗೆ ಇರಲಿಲ್ಲ. ಜನ ಮಾತ್ರ ಇದ್ದರು. ಪೋಲೀಸರು ತಡೆದರೆ ನಾವೆಲ್ಲ ಒಂದೇ ಮನೆಯವರು ಎನ್ನಬೇಕೆಂಬುದು ಕರಾರು. ನಾನು ಕುಂದಾಪುರದಲ್ಲಿ ಟೀಚರು. ಶನಿವಾರ ಮಧ್ಯಾಹ್ನ ಅದೇ ಕಾರಿನಲ್ಲಿ ವಂಡ್ಸೆಯ ಮನೆಗೆ ಬರುತ್ತಿದ್ದೆ. ಆ ವಾರ ಬಾರದೆ ಇರುವಂತಿರಲಿಲ್ಲ. ಮರುದಿನ ಯಡ್ತರೆಯಿಂದ ನನ್ನನ್ನು ನೋಡಲು ಬರುವವರಿದ್ದರು. ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು.

ಹೆಮ್ಮಾಡಿ ದಾಟಿದ ಮೇಲೆ ಪೋಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಮುಂದಿನ ಸೀಟಿನಲ್ಲಿ ಉಮಾನಾಥಯ್ಯನ ಪಕ್ಕ ನಾನು, ನನ್ನ ಪಕ್ಕ ಮೀನಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಜಲಜ.

"ಇವರು ನಿಮಗೆ ಏನಾಗಬೇಕು?" ಅವನು ಉಮಾನಾಥಯ್ಯನನ್ನು ತೋರಿಸಿ ನನ್ನನ್ನೇ ಕೇಳಿದ.

ಮಾತು ತೂಗಿ ಆಡುವುದು ನನ್ನ ಅಭ್ಯಾಸ. ತೂಗಿಯೇ ಹೇಳಿದೆ: "ನಮ್ಮ ಮನೆಯವರು."

ಹೇಳಿದ ಮೇಲೆ ಅದರ ಇನ್ನೊಂದು ಅರ್ಥ ಹೊಳೆಯಿತು. ಉಮಾನಾಥಯ್ಯನ ಕಿವಿ ಕೆಂಪಾಯಿತು. ನನ್ನ ಬರಿಗೊರಳು ಕಾಣದಂತೆ ಸೆರಗು ಎಳೆದುಕೊಂಡೆ.

"ಈ ಮೀನಿನವಳು?"

"ನಾನ್ ಇವ್ರ್ ಅತ್ತಿಗಿ" ಎಂದಳು ಜಲಜ.

ಅವನು ಬುಟ್ಟಿ ನೋಡಿದ, ನನ್ನನ್ನು ನೋಡಿದ. "ಒಳ್ಳೆಯ ಸಂಸಾರ" ಎಂದು ಬಿಟ್ಟುಬಿಟ್ಟ.

ಕಾರು ಹೊರಟದ್ದೇ ಹಿಂದಿನ ಸೀಟಿನಿಂದ ಚಂದಯ್ಯ, "ಹ್ವಾಯ್ ಟೀಚರೇ, ಮದಿ ಊಟ ನಮ್ಗಿಲ್ಯಾ?" ಎಂದು ಮದುವೆಯೂಟ ಕೇಳಿದ. ಎಲ್ಲರೂ ನಕ್ಕರು. ಚಂದಯ್ಯನ ಮಗಳನ್ನು ಕೊಟ್ಟಿರುವುದು ಯಡ್ತರೆಗೆ. ನಾನು ನಗಲಿಲ್ಲ.

ಭಾನುವಾರ ಹುಡುಗನ ತಾಯಿ ಕಾಫಿ ಮುಟ್ಟಲಿಲ್ಲ.

"ಹೆಣ್ಣಿಗ್ ಮದಿ ಆಯಿತ್ ಅಂಬ್ರಲೆ? ಕಾರಿನ್ ಉಮಾನಾಥಯ್ಯನ್ ಒಟ್ಟಿಗೆ. ಪೋಲೀಸ್ರಿಗೇ ಹೇಳೀರಂಬ್ರ್."

ಅಮ್ಮ ತಟ್ಟೆ ಕೆಳಗಿಟ್ಟು ನನ್ನತ್ತ ತಿರುಗಿದಳು. ನಾನು ಪರವಾನಿಗೆಯಿಂದ ಶುರುಮಾಡಿ ವಿವರಿಸತೊಡಗಿದೆ. ವಿವರಿಸಿದಷ್ಟೂ ಅದು ಮದುವೆಯಂತೆಯೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಜಲಜ ಮೀನು ಮಾರುತ್ತ ಬಂದು, ಎಂದಿನಂತೆ ಜಗಲಿ ಹತ್ತದೆ, ಅಂಗಳದಲ್ಲೇ ಬುಟ್ಟಿ ಇಳಿಸಿದಳು. ಜಗಲಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಹೌದೇ ಹೌದ್, ನಾನೂ ಇದ್ದೆ. ಉಮಾನಾಥಯ್ಯ ಇವ್ರ್ ಗಂಡ, ನಾನ್ ಇವ್ರ್ ಅತ್ತಿಗಿ. ಅದ್ ನಂಬುದಾರೆ ಇದ್ನೂ ನಂಬಿ. ಒಂದ್ ಚಾಪಿ ಹಾಕಿ ಕಾಂಬ, ನಾನೂ ಮೇಲ್ ಬಂದ್ ಕೂಕಂತೆ."

ಹುಡುಗನ ತಾಯಿ ಅವಳನ್ನೂ ಬುಟ್ಟಿಯನ್ನೂ ನೋಡಿದರು. ಮೊದಲು ಅವರು ನಕ್ಕರು, ಆಮೇಲೆ ಎಲ್ಲರೂ. ನನ್ನ ಮದುವೆಯ ಸುದ್ದಿ ಅಲ್ಲಿಗೆ ಸುಳ್ಳಾಯಿತು. ಅವರು ಆರಿದ ಕಾಫಿಯನ್ನೇ ಕುಡಿದು, ಒಳ್ಳೆಯ ದಿನ ನೋಡೋಣ ಎಂದರು.

ಜಲಜಳೂ ನಗುತ್ತಿದ್ದಳು. ಚಾಪೆ ಯಾರೂ ಹಾಕಲಿಲ್ಲ.