ಅಂಬಾಬಾಯಿ ಗಂಡನ ಹೆಸರು ಹೇಳಿದ್ದು

ಮಕ್ಕಳು ಸಾಲೆಯಿಂದ ಬಂದ ಕೂಡಲೇ ನಾವು ಏನು ಕೇಳುತ್ತೇವೆ? "ಲೆಕ್ಕ ಬಂತೇನು? ಮಗ್ಗಿ ಹೇಳಿದೆಯೇನು?" ಇಷ್ಟೇ. ಪೌರನೀತಿಯ ಪಾಠದಲ್ಲಿ ಏನು ಹೇಳಿದರು ಎಂದು ಯಾವ ಮನೆಯಲ್ಲೂ ಕೇಳುವುದಿಲ್ಲ. ಧಾರವಾಡದ ಬಿಂದುಮಾಧವರಾಯರೂ ಕೇಳುತ್ತಿರಲಿಲ್ಲ. ಆದರೆ ಒಂದು ಸಂಜೆ ಆ ಪಾಠ ತಾನಾಗಿಯೇ ಅವರ ಪಡಸಾಲೆಗೆ ಬಂದು ಕೂತಿತು.

ಅದು ೧೯೩೬ನೆಯ ಇಸವಿ. ರಾಯರು ಕೋರ್ಟಿನಲ್ಲಿ ಮೂವತ್ತು ವರ್ಷ ಕಾರಕೂನಕಿ ಮಾಡಿ ಪೆನ್ಶನ್ ಪಡೆದವರು. ಮನೆಯಲ್ಲಿ ಅವರ ಹೆಂಡತಿ ಅಂಬಾಬಾಯಿ, ಮತ್ತು ಮೊಮ್ಮಗಳು ರಜನಿ. ಮಗ-ಸೊಸೆ ನೌಕರಿಗೆಂದು ಗದಗಿನಲ್ಲಿದ್ದರು. ಧಾರವಾಡದ ಸಾಲೆ ಛಲೋ ಎಂದು ಹುಡುಗಿಯನ್ನು ಇಲ್ಲಿಯೇ ಬಿಟ್ಟಿದ್ದರು. ಅವಳಿಗೆ ಆಗ ಹನ್ನೆರಡು ವರ್ಷ.

ಆ ಸಂಜೆ ರಜನಿ ಪಾಟಿ ಹಿಡಿದುಕೊಂಡು ಅಜ್ಜನ ಮುಂದೆ ಬಂದು ನಿಂತಳು.

"ಅಜ್ಜಾ, ನಮ್ಮ ಮನ್ಯಾಗ ಓಟು ಯಾರಿಗದ?"

"ನನಗದ. ಹೊಲದ ಕಂದಾಯ ಕಟ್ತೀನಲ್ಲಾ."

"ಅಜ್ಜಿಗೆ?"

"ಅಕಿಗ್ಯಾಕ ಓಟು?"

"ಯಾಕಿಲ್ಲ ಅಂತ ಮನ್ಯಾಗ ಕೇಳಿಕೊಂಡು ಬರ್ರಿ ಅಂದಾರ ನಮ್ಮ ಸುಹಾಸಿನಿ ಅಕ್ಕೋರು. ಈ ಸಲ ಓದ್ಲಿಕ್ಕೆ ಬರೀಲಿಕ್ಕೆ ಬರೋ ಹೆಣ್ಮಕ್ಕಳು ಅರ್ಜಿ ಕೊಟ್ಟರ ಪಟ್ಟ್ಯಾಗ ಹೆಸರು ಸೇರಸ್ತಾರಂತ. ಅಜ್ಜಿಗೆ ಓದ್ಲಿಕ್ಕೆ ಬರ್ತದಲ್ಲಾ? ಅಕಿ ಹೆಸರು ಯಾಕಿಲ್ಲ?"

ರಾಯರು ಚಷ್ಮಾ ತೆಗೆದು ಪಕ್ಕಕ್ಕಿಟ್ಟರು. ಅವರಿಗೆ ಸಿಟ್ಟು ಬಂದಿತ್ತೆಂಬುದಕ್ಕೆ ಅದೇ ಗುರುತು.

"ಸಾಲ್ಯಾಗ ಇದನ್ನ ಕಲಸ್ತಾರೇನು? ಮನೀ ಹೆಣ್ಮಕ್ಕಳ ಹೆಸರು ಕಚೇರಿ ಗ್ವಾಡಿಗೆ ಹಚ್ಚೂದು? ಸಾಕು ಈ ಸಾಲಿ. ನಾಳೆ ಗದಗಿಗೆ ಕಾಗದ ಬರೀತೀನಿ. ಬಂದು ನಿನ್ನ ಕರಕೊಂಡು ಹೋಗ್ಲಿ."

ರಜನಿಯ ಕಣ್ಣು ತುಂಬಿತು. ಅಂಬಾಬಾಯಿ ಅಲ್ಲಿಯೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟು ಎದ್ದರು.

"ಕಾಗದ ನಾಡದು ಬರೀರಿ. ನಾಳೆ ನಾನ ಸಾಲಿಗೆ ಹೋಗಿ ನೋಡಿ ಬರ್ತೀನಿ. ಕೆಟ್ಟದ್ದೇನರ ಕಲಸ್ಲಿಕತ್ತಿದ್ರ ಹುಡುಗೀನ ಪಾಟಿ ಸಮೇತ ಕರಕೊಂಡು ಬರ್ತೀನಿ."

ಇದಕ್ಕೆ ರಾಯರು ಒಪ್ಪಿದರು. ಕೋರ್ಟಿನಲ್ಲಿ ಇದ್ದವರು, ಸಾಕ್ಷಿ ಕೇಳದೆ ತೀರ್ಪು ಕೊಡಬಾರದೆಂಬುದು ಅವರಿಗೆ ಗೊತ್ತಿತ್ತು.

ಮರುದಿನ ಅಂಬಾಬಾಯಿ ಹೊರಟಾಗ ಪಕ್ಕದ ಮನೆಯ ದಾನವ್ವ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಅವಳ ಗಂಡ ಮಡಿವಾಳಪ್ಪ ಹತ್ತಿ ವ್ಯಾಪಾರಿ.

"ಅಂಬಕ್ಕಾ, ನಾನೂ ಬರತೇನಿ ತಡೀರಿ. ನಮ್ಮ ಹುಡುಗೀನೂ ಅದ ವರ್ಗದಾಗ ಐತಿ. ಅದೇನ್ ಕಲಸಾಕತ್ತಾರ ನೋಡೂಣು."

ವರ್ಗದಲ್ಲಿ ಗದ್ದಲವೋ ಗದ್ದಲ. ಮೂಲೆಯಲ್ಲಿ ಒಂದು ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದರು. ಮರೆಯ ಹಿಂದೆ ಎರಡು ಗಡಿಗೆ. ಒಂದಕ್ಕೆ ಸುಣ್ಣ ಬಳಿದಿತ್ತು, ಇನ್ನೊಂದಕ್ಕೆ ಕೆಮ್ಮಣ್ಣು. ಸುಹಾಸಿನಿ ಅಕ್ಕೋರು ಎಳೆಯ ವಯಸ್ಸಿನವರು, ನಗುಮುಖದವರು. ಬಂದವರಿಗೆ ಮಣೆ ಹಾಕಿಸಿ ಕೂಡಿಸಿದರು.

"ಬರ್ರಿ, ಛಲೋ ಹೊತ್ತಿಗೆ ಬಂದ್ರಿ. ಹುಡುಗ್ಯಾರನ್ನ ಹೊರಗ ಕರಕೊಂಡು ಹೋಗೂದದ. ಕೆಲಗೇರಿ ಕೆರಿಗೋ, ರೈಲಿನಾಗ ಹುಬ್ಬಳ್ಳಿಗೋ? ನಾನು ಹೇಳಿದ್ರ ನನ್ನ ಮಾತಾತು. ಅದಕ್ಕ ಅವರ ಆರಸ್ಲಿ ಅಂದೀನಿ. ಕೆರಿ ಅನ್ನೋರು ಸುಣ್ಣದ ಗಡಿಗ್ಯಾಗ, ಹುಬ್ಬಳ್ಳಿ ಅನ್ನೋರು ಕೆಮ್ಮಣ್ಣಿನ ಗಡಿಗ್ಯಾಗ ಒಂದೊಂದು ಹುಣಸಿಬೀಜ ಹಾಕಬೇಕು. ಒಬ್ಬೊಬ್ಬರ ಒಳಗ ಹೋಗಬೇಕು. ಯಾರು ಯಾವುದಕ್ಕ ಹಾಕಿದ್ರು ಅಂತ ಯಾರೂ ಕೇಳಬಾರದು. ನೀವೂ ನಮ್ಮ ಜೋಡಿ ಬರೂವ್ರಿದ್ರ ಒಂದೊಂದು ಬೀಜ ತಗೋರಿ."

ಅಂಬಾಬಾಯಿ ಅಂಗೈಯಲ್ಲಿ ಬೀಜ ಹಿಡಿದು ಮರೆಯ ಹಿಂದೆ ಹೋದರು. ಅಲ್ಲಿ ಅವರೊಬ್ಬರೇ. ಇಂಥದ್ದು ಮಾಡು ಎನ್ನುವವರಿಲ್ಲ, ಯಾಕೆ ಮಾಡಿದೆ ಎನ್ನುವವರಿಲ್ಲ. ಮದುವೆಯಾಗಿ ಬಂದಾಗಿನಿಂದ ಕೆಲಗೇರಿ ಕೆರೆ ನೋಡಿದ್ದಾಗಿತ್ತು. ಬೀಜವನ್ನು ಕೆಮ್ಮಣ್ಣಿನ ಗಡಿಗೆಗೆ ಹಾಕಿದರು. ಟಣ್ ಎಂದಿತು. ಯಾಕೋ ಅವರಿಗೆ ನಗು ಬಂತು.

ಹುಡುಗಿಯರು ಎಣಿಸಿದರು. ಕೆಲಗೇರಿಗೆ ಹದಿನಾರು, ಹುಬ್ಬಳ್ಳಿಗೆ ಹದಿನೈದು.

"ಅಯ್ಯ, ಒಂದರಾಗ ಹೋತಲ್ಲಾ! ಇನ್ನೊಮ್ಮೆ ಹಾಕೂಣಲ್ಲ?" ಎಂದರು ಅಂಬಾಬಾಯಿ. ವರ್ಗವೆಲ್ಲ ಗೊಳ್ಳೆಂದು ನಕ್ಕಿತು.

ಅಕ್ಕೋರೂ ನಕ್ಕರು. "ಹಂಗ ಬರೂದಿಲ್ರಿ. ಸೋತವರು ಸಿಟ್ಟಾಗಬಾರದು, ಬಾಯಿ ಮುಚ್ಚಿಕೊಂಡೂ ಕೂಡಬಾರದು. ಮುಂದಿನ ಸಲದೊಳಗ ಒಬ್ಬರನ್ನ ಒಲಿಸಿಕೋಬೇಕು. ಬೈದು ಅಲ್ಲ, ತಿಳಿಸಿ ಹೇಳಿ."

ಆಗ ದಾನವ್ವನ ಮಗಳು ಚನ್ನಬಸವ್ವ ಎದ್ದು ನಿಂತಳು. "ಅಕ್ಕೋರ, ನಾವು ಗೆದ್ದೇವಿ ಖರೇ. ಆದ್ರ ಹದಿನೈದು ಮಂದಿ ರೈಲು ನೋಡಬೇಕು ಅಂತಿದ್ರು. ಕೆರಿಯಿಂದ ಬರುವಾಗ ಸ್ಟೇಶನ್ ಮ್ಯಾಲೆ ಹಾದು ಬಂದ್ರ ಹೆಂಗ?"

ಎಲ್ಲರೂ ಚಪ್ಪಾಳೆ ತಟ್ಟಿದರು. ದಾನವ್ವ ಮಗಳನ್ನೇ ನೋಡುತ್ತ ಕೂತುಬಿಟ್ಟಳು. ಮನೆಯಲ್ಲಿ ತಮ್ಮನಿಗೆ ಒಂದು ಉಂಡೆ ಬಿಟ್ಟುಕೊಡದ ಹುಡುಗಿ ಇವಳೇನೋ ಎನ್ನುವಂತೆ.

ಹೊರಡುವಾಗ ಅಂಬಾಬಾಯಿ ಕೇಳಿದರು: "ಎಲ್ಲಾ ಛಲೋ ಅದ. ಆದ್ರ ಅಡಗಿ ಮಾಡೋ ಹುಡುಗ್ಯಾರಿಗೆ ಇದೆಲ್ಲಾ ಯಾಕವ್ವಾ?"

"ಅಡಗಿ ಮಾಡೂ ಮುಂದ ಉಣ್ಣೋರನ್ನ ಏನು ಬೇಕು ಅಂತ ಕೇಳ್ತೀರಲ್ರಿ? ರಾಜ್ಯ ಮಾಡೋರೂ ಹಂಗ ಕೇಳಬೇಕು. ಕೇಳಿದಾಗ ಹೇಳ್ಲಿಕ್ಕೆ ನಮಗೂ ಬರಬೇಕು. ಅದನ್ನ ಸಣ್ಣಾಂಗಿದ್ದಾಗಿಂದ ರೂಢಿ ಮಾಡಿಸ್ಲಿಕತ್ತೀನಿ, ಅಷ್ಟ."

ಮನೆಗೆ ಬಂದಾಗ ರಾಯರು ಬಾಗಿಲಲ್ಲೇ ನಿಂತಿದ್ದರು.

"ಏನಾತು? ಪಾಟಿ ತಂದ್ಯೇನು?"

"ಇಲ್ಲ. ಒಂದು ಹುಣಸಿಬೀಜದಾಗ ಸೋತು ಬಂದೆ," ಎಂದು ಅಂಬಾಬಾಯಿ ನಡೆದದ್ದೆಲ್ಲ ಹೇಳಿದರು.

"ಹುಡುಗರಾಟ!" ಎಂದರು ರಾಯರು. "ಮನಿಗೊಂದು ಓಟು ಇದ್ದರ ಸಾಕು. ನಾ ಹಾಕೂದು ನಿನ್ನ ಪರವಾಗಿ ಅಲ್ಲೇನು?"

"ಹೌದ್ರಿ? ಹಿಂದಿನ ಸಲ ಹಾಕೂ ಮುಂದ ನನ್ನ ಒಂದು ಮಾತು ಕೇಳಿದ್ರೇನು?"

ಅಂಬಾಬಾಯಿ ದನಿ ಏರಿಸಲಿಲ್ಲ. ಗಂಡನ ಪಕ್ಕದಲ್ಲಿ ಕೂತು ಹೇಳಿದರು.

"ನಾಕು ಹಡದೀನಿ. ಸೂಲಗಿತ್ತಿ ಬರೂದು ತಡಾ ಆಗಿ ಒಂದು ಕೂಸು ಕೈಬಿಟ್ಟು ಹೋತು. ದವಾಖಾನಿ ಎಲ್ಲಿ ಬೇಕು, ಎಷ್ಟು ಲಗೂ ಬೇಕು ಅನ್ನೂದು ನಿಮಗಿಂತ ನನಗ ಹೆಚ್ಚು ಗೊತ್ತದ. ಅದನ್ನ ನಾ ಎಲ್ಲಿ ಹೇಳ್ಲಿ? ಮೂವತ್ತು ವರ್ಷ ಊರ ಮಂದಿ ಅರ್ಜಿ ತಗೊಂಡ್ರಿ. ನನ್ನದೊಂದು ಭಾರಾತೇನು?"

ಆ ಕೂಸಿನ ಮುಖ ರಾಯರಿಗೂ ನೆನಪಿತ್ತು. ಚಷ್ಮಾ ಹುಡುಕಿ ಹಾಕಿಕೊಂಡರು.

"ಕೊಡೂದಾದ್ರ ತಪ್ಪಿಲ್ಲದ್ಹಂಗ ಬರಿ. ನನ್ನ ಹೆಂಡತಿ ಅರ್ಜಿ ತಿರಗಿ ಬಂತಂದ್ರ ಕಚೇರ್‍ಯಾಗ ನಾ ಮಾರಿ ತೋರ್ಸೂದು ಹೆಂಗ?"

ರಜನಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು.

ಅರ್ಜಿಗೆ ಸೋಮವಾರವೇ ಕಡೆಯ ದಿನ. ಅಂಬಾಬಾಯಿಗೆ ಓದುವುದು ಸರಾಗ, ಆದರೆ ಬರೆದು ಎಷ್ಟೋ ವರ್ಷಗಳಾಗಿದ್ದವು. ಶನಿವಾರ, ರವಿವಾರ ಪಾಟಿಯ ಮುಂದೆ ಕೂತರು. ಮೊಮ್ಮಗಳೇ ಗುರು. "ಅಜ್ಜಿ, ನಿನ್ನ 'ಬಾ' ಮ್ಯಾಲೆ ಹಾರ್ಲಿಕತ್ತದ, ಕೆಳಗ ಹಿಡಿ!" ರಾಯರು ಆಚೆಯಿಂದ ಈಚೆಗೆ ತಿರುಗಾಡುತ್ತ ಬಗ್ಗಿ ಬಗ್ಗಿ ನೋಡುವರು. ಅವರ ಕೈ ಕಡಿಯುತ್ತಿತ್ತು.

"ಕೊಡಿಲ್ಲಿ, ಎರಡು ನಿಮಿಷದಾಗ ಬರದ ಕೊಡ್ತೀನಿ."

"ಮುಟ್ಟಬ್ಯಾಡ ಅಜ್ಜಾ! ತಮ್ಮ ಕೈಲೆ ಬರೀಬೇಕು!"

ಸೋಮವಾರ ಮೂವರೂ ಕಚೇರಿಗೆ ಹೋದರು. ಹಿಂದೆಯೇ ದಾನವ್ವ, ಅವಳ ಕೈಯಲ್ಲೂ ಒಂದು ಅರ್ಜಿ. ಅಲ್ಲಿದ್ದವರೆಲ್ಲ ಗಂಡಸರು, ತಿರುತಿರುಗಿ ನೋಡಿದರು. ಕಾರಕೂನ ಅರ್ಜಿ ಬಿಚ್ಚಿ ಓದಿದ.

"ಅಕ್ಷರ ಮುತ್ತಿನ್ಹಂಗ ಅದಾವ್ರಿ. ಆದ್ರ ಗಂಡನ ಹೆಸರಿನ ಜಾಗಾ ಖಾಲಿ ಬಿಟ್ಟೀರಲ್ಲ? ಹೇಳ್ರಿ, ಅದಷ್ಟು ನಾನ ಬರಕೋತೀನಿ."

ಅಂಬಾಬಾಯಿ ನೆಲ ನೋಡಿದರು. ಗಂಡನ ಹೆಸರನ್ನು ಹೆಣ್ಣುಮಕ್ಕಳು ಬಾಯಲ್ಲಿ ಹೇಳುವುದೆಂದರೇನು! ಬರೆಯುವುದಕ್ಕೂ ಕೈ ಏಳದೆ ಬಿಟ್ಟಿದ್ದರು. ರಾಯರು ಮುಂದೆ ಬಂದು ಬಾಯಿ ತೆರೆದರು. ಕಾರಕೂನ ಕೈ ಅಡ್ಡ ಮಾಡಿದ.

"ನೀವು ಸುಮ್ಮನಿರ್ರಿ ರಾಯರ. ಅರ್ಜಿ ಅವರದು. ಅವರ ಹೇಳಬೇಕು."

ಹಿಂದಿನಿಂದ ದಾನವ್ವ ಕೂಗಿದಳು: "ಅಂಬಕ್ಕಾ, ಮದುವ್ಯಾಗ ಒಡಪು ಹಾಕಿ ಹೆಸರು ಹೇಳಿರಲಿಲ್ಲೇನು? ಇಲ್ಲೂ ಹಾಕ್ರಿ ಒಂದು!"

ಅಂಬಾಬಾಯಿ ಸೆರಗು ಹೊದ್ದು ತಲೆ ಎತ್ತಿದರು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಹೇಳಿದರು:

"ಕೆಲಗೇರಿ ಕೆರಿಯಾಗ ತಾವರಿ ನೂರೆಂಟು,
ಕಾರಕೂನರ ಕೈಯಾಗ ಕಾಗದದ ಗಂಟು,
ಬಿಂದುಮಾಧವರಾಯರ ಮಡದಿ ನಾ ಬಂದೀನಿ,
ಬರೀರಿ ಸಾಹೇಬರ, ನನಗೂ ಓಟುಂಟು!"

ಕಚೇರಿಗೆ ಕಚೇರಿಯೇ ನಕ್ಕು ಚಪ್ಪಾಳೆ ತಟ್ಟಿತು. ಕಾರಕೂನ ನಗುತ್ತಲೇ ಹೆಸರು ಬರೆದುಕೊಂಡ. ಮುಂದಿನ ಸರದಿ ದಾನವ್ವನದು. ಅವಳೇನು ಕಡಿಮೆಯೇ?

"ಬಿಳಿ ಬಿಳಿ ಹತ್ತಿ, ಹೊಸೆದೇನಿ ಬತ್ತಿ,
ಮಡಿವಾಳಪ್ಪನವರ ಹೆಸರ ಹೇಳತೇನಿ ಒತ್ತಿ ಒತ್ತಿ!"

ಮನೆಗೆ ಬರುವ ದಾರಿಯಲ್ಲಿ ರಾಯರ ಮುಖದಲ್ಲಿ ನಾಚಿಕೆಯೂ ಇತ್ತು, ಹಿಗ್ಗೂ ಇತ್ತು. ಮೂವತ್ತೈದು ವರ್ಷಗಳ ಮೇಲೆ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದರು.

"ಇನ್ನೊಮ್ಮೆ ಹೇಳ್ತೀಯೇನು?" ಎಂದರು ಮೆಲ್ಲಗೆ.

"ಇನ್ನೊಂದು ಅರ್ಜಿ ಬಂದಾಗ ನೋಡೂಣು," ಎಂದರು ಅಂಬಾಬಾಯಿ.

ಗದಗಿಗೆ ಕಾಗದ ಹೋಯಿತು. ಆದರೆ ಅದರಲ್ಲಿ ರಾಯರು ಬರೆದದ್ದು, "ರಜನಿಯ ಸಾಲೆ ಬಹಳ ಛಲೋ ನಡೆದಿದೆ, ಬಿಡಿಸುವ ವಿಚಾರ ಯಾರೂ ಮಾಡಬಾರದು" ಎಂದು. ಮುಂದಿನ ವಾರ ತಾವೇ ವರ್ಗಕ್ಕೆ ಹೋಗಿ, ಅರ್ಜಿ ಬರೆಯುವುದು ಹೇಗೆಂದು ಹುಡುಗಿಯರಿಗೆ ಪಾಠ ಹೇಳಿ ಬಂದರು. ಫೆಬ್ರುವರಿಯಲ್ಲಿ ಚುನಾವಣೆ ಬಂತು. ಅಂಬಾಬಾಯಿ ಓಟು ಹಾಕಿ ಹೊರಗೆ ಬಂದಾಗ ರಾಯರು ಓಡಿಬಂದು, "ಯಾರಿಗೆ ಹಾಕಿದಿ?" ಎಂದರು.

"ಅದನ್ನ ಕೇಳಬಾರದು ಅಂತ ನಿಮ್ಮ ಮೊಮ್ಮಗಳ ಪುಸ್ತಕದಾಗ ಬರದದ, ಓದಿಕೋರಿ."

ತಾಯಂದಿರೇ, ಹಿರಿಯರೇ, ಗುರುಗಳೇ, ಪೌರನೀತಿ ಬರೀ ಬಾಯಿಪಾಠಕ್ಕೆ ಬರುವ ವಿದ್ಯೆಯಲ್ಲ. ಮಾಡುತ್ತ ಮಾಡುತ್ತ ಬರುವ ವಿದ್ಯೆ. ಮನೆಯಲ್ಲಿ ನಾಲ್ಕು ಜನ ಕೂತು ಮಾತಾಡುವಾಗ ಮಕ್ಕಳಿಗೂ ಒಂದು ಜಾಗ ಕೊಡಿ. ಅವರ ಮಾತು ಪೂರ್ತಿ ಕೇಳಿ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲವೆಂದು ತಿಳಿಸಿ ಹೇಳಿ. ಒಂದು ದಿನ ಬಿಡುವು ಮಾಡಿಕೊಂಡು ಅವರ ಸಾಲೆಗೆ ಹೋಗಿ, ಆ ಪಾಠಕ್ಕೆ ಜೊತೆಯಲ್ಲಿ ಕೂಡಿ. ಮತದಾರರ ಪಟ್ಟಿ ಹೊರಬಿದ್ದಾಗ ಮಕ್ಕಳ ಕೈ ಹಿಡಿದುಕೊಂಡು ಹೋಗಿ, ನಿಮ್ಮ ಹೆಸರನ್ನು ಅವರಿಂದಲೇ ಹುಡುಕಿಸಿ. ಹೆಸರು ಇಲ್ಲದಿದ್ದರೆ ಅಂದೇ ಅರ್ಜಿ ಬರೆಯಿರಿ. ನಾಳೆ ಈ ನಾಡನ್ನು ನಡೆಸುವವರು ಇವತ್ತು ನಿಮ್ಮ ಅಂಗಳದಲ್ಲೇ ಆಡುತ್ತಿದ್ದಾರೆ, ಒಳಗೆ ಕರೆಯಿರಿ.